ಸಮ್ಯಕ್ತ್ವ ಕುಲದಿಂದ ಬರುವುದಲ್ಲ

ಪಂಪನನ್ನು ಪಾಠ ಮಾಡುವಾಗ ನಾವು ಮೊದಲು ಹೇಳುವ ಮಾತು ಅವನು ಜೈನ ಕವಿ ಎಂಬುದು. ಮಾತು ಸತ್ಯ. ಆದರೆ ಅದನ್ನು ಕೇಳಿದ ವಿದ್ಯಾರ್ಥಿಯ ಮನಸ್ಸಿನಲ್ಲಿ ಮೂಡುವ ಚಿತ್ರ ಹೀಗಿರುತ್ತದೆ: ಜೈನ ಕುಲದಲ್ಲಿ ಹುಟ್ಟಿದ, ಆದ್ದರಿಂದ ಜೈನನಾದ, ಆದ್ದರಿಂದ 'ಆದಿಪುರಾಣ'ವನ್ನು ಬರೆದ. ಈ ಎರಡು 'ಆದ್ದರಿಂದ'ಗಳಿಗೂ ಪಂಪನ ಕಾವ್ಯದ ಸಮ್ಮತಿಯಿಲ್ಲ. 'ವಿಕ್ರಮಾರ್ಜುನ ವಿಜಯ'ದ ಕೊನೆಯ ಆಶ್ವಾಸದಲ್ಲಿ ಅವನು ತನ್ನ ವಂಶವನ್ನು ವಿವರಿಸಿದ್ದಾನೆ. ಪೂರ್ವಜನಾದ ಮಾಧವ ಸೋಮಯಾಜಿ ಯಜ್ಞಗಳನ್ನು ಮಾಡಿ ಹೆಸರಾದವನು. ತಂದೆ ಅಭಿರಾಮದೇವರಾಯ ಬ್ರಾಹ್ಮಣ ಕುಲದಲ್ಲಿ ಹುಟ್ಟಿದವನಿಗೂ ಜಿನಧರ್ಮವೇ ತಕ್ಕುದೆಂದು ನಿಶ್ಚಯಿಸಿ ಅದನ್ನು ಕೈಗೊಂಡವನು. ಅಂದರೆ ಕನ್ನಡದ ಆದಿಕವಿಯ ಮನೆಯಲ್ಲಿ ಜೈನಧರ್ಮ ಒಂದು ತಲೆಮಾರಿನಷ್ಟೇ ಹಳೆಯದು. 941ರಲ್ಲಿ, ತನ್ನ ಮೂವತ್ತೊಂಬತ್ತನೆಯ ವಯಸ್ಸಿನಲ್ಲಿ 'ಆದಿಪುರಾಣ'ವನ್ನು ಮುಗಿಸಿದ ಕವಿ, ಬುದ್ಧಿ ಬಲಿತ ಮೇಲೆ ನಂಬಿಕೆಯನ್ನು ಬದಲಿಸಿಕೊಂಡ ತಂದೆಯ ಮಗ. ಪೂರ್ವಜನ ಕೀರ್ತಿಗೆ ಹೋಮದ ಹೊಗೆ ಕಪ್ಪು ಹಿಡಿಸಿತೆಂದು ಹೇಳುವಾಗಲೂ ಅವನು ಆ ಪೂರ್ವಜನನ್ನು ವಂಶಾವಳಿಯಿಂದ ಕೈಬಿಡುವುದಿಲ್ಲ. ಒಪ್ಪದಿರುವುದಕ್ಕೂ ತಿರಸ್ಕರಿಸುವುದಕ್ಕೂ ಇರುವ ಅಂತರವನ್ನು ಬಲ್ಲವನ ಮಾತು ಅದು.

ಬಾಲ್ಯದಲ್ಲಿ ಕೈಗೆ ಬಂದ ನಂಬಿಕೆ ಒಂದು, ಪ್ರೌಢ ವಯಸ್ಸಿನಲ್ಲಿ ವಿಚಾರಿಸಿ ಒಪ್ಪಿದ ನಂಬಿಕೆ ಇನ್ನೊಂದು. ಇವೆರಡರ ಹೆಸರು ಒಂದೇ ಆಗಿರಬಹುದು. ಸ್ವರೂಪ ಒಂದೇ ಅಲ್ಲ. ಈ ಭೇದವನ್ನು ನಮ್ಮ ಶಾಸ್ತ್ರಕಾರರೂ ಕವಿಗಳೂ ಚೆನ್ನಾಗಿ ಬಲ್ಲವರಾಗಿದ್ದರು. ಮರೆತವರು ನಾವು. ಮನೆಯಲ್ಲಿಯೂ ಮರೆತಿದ್ದೇವೆ, ಸಾಹಿತ್ಯಚರಿತ್ರೆಯಲ್ಲಿಯೂ ಮರೆತಿದ್ದೇವೆ.

ಉಮಾಸ್ವಾತಿಯ 'ತತ್ತ್ವಾರ್ಥಸೂತ್ರ'ದ ಆರಂಭದಲ್ಲಿಯೇ ಸಮ್ಯಗ್ದರ್ಶನ ಹುಟ್ಟುವ ಬಗೆಗಳ ವಿಚಾರ ಬರುತ್ತದೆ. ಬಗೆಗಳು ಎರಡು: ನಿಸರ್ಗಜ ಮತ್ತು ಅಧಿಗಮಜ. ಪರರ ಉಪದೇಶವಿಲ್ಲದೆ ತಾನಾಗಿ ಮೂಡುವುದು ಮೊದಲನೆಯದು. ಉಪದೇಶದಿಂದ, ಅರಿವಿನಿಂದ ಮೂಡುವುದು ಎರಡನೆಯದು. ನಿಸರ್ಗಜವೆಂದರೆ ಹುಟ್ಟಿನಿಂದ ಬಂದದ್ದೆಂದು ಅರ್ಥ ಮಾಡುವವರಿದ್ದಾರೆ, ಅದು ಸರಿಯಲ್ಲ. ಹುಟ್ಟಿದ ಮನೆಗೂ ಅದಕ್ಕೂ ಸಂಬಂಧವಿಲ್ಲ. ಸೂತ್ರಕಾರರು 'ಕುಲಜ' ಎಂಬ ಮೂರನೆಯ ಬಗೆಯೊಂದನ್ನು ಹೇಳಲಿಲ್ಲವೆಂಬುದೇ ಇಲ್ಲಿ ಮುಖ್ಯವಾದ ಸಂಗತಿ. ಷಟ್ಖಂಡಾಗಮದ ಪರಂಪರೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ವಯಸ್ಸನ್ನೇ ನಿರ್ದೇಶಿಸುತ್ತದೆ. ಮನುಷ್ಯರಲ್ಲಿ ಪ್ರಥಮ ಸಮ್ಯಕ್ತ್ವ ಉಂಟಾಗುವುದು ಎಂಟು ವರ್ಷ ಕಳೆದ ಮೇಲೆ. ಅದಕ್ಕೆ ಬಾಹ್ಯಕಾರಣಗಳು ಜಾತಿಸ್ಮರಣೆ, ಧರ್ಮಶ್ರವಣ ಮತ್ತು ಜಿನಬಿಂಬದರ್ಶನ. ತಾಯಿಯ ಕಂಕುಳಲ್ಲಿ ಕುಳಿತು ಕೈಮುಗಿಯುವ ಕೂಸಿನ ನಮಸ್ಕಾರವನ್ನು ಶಾಸ್ತ್ರ ಅಲ್ಲಗಳೆಯುವುದಿಲ್ಲ; ಆದರೆ ಅದನ್ನು ದರ್ಶನವೆಂದೂ ಕರೆಯುವುದಿಲ್ಲ. ಅದು ಸಂಸ್ಕಾರ, ಮುಂದೆ ಬೀಳಬೇಕಾದ ಬೀಜಕ್ಕೆ ಹದಗೊಳಿಸಿದ ನೆಲ.

ಜೈನ ಮನೆಯ ಮಗು ಬೆಳೆಯುವಾಗ ಎದುರಾಗುವ ತಿರುವು ಯಾವುದೆಂಬುದನ್ನು ನೇರವಾಗಿ ನೋಡೋಣ. ಆರೇಳು ವರ್ಷದ ಮಗು ಜಿನಬಿಂಬದ ಮುಂದೆ ನಿಂತು ಪರೀಕ್ಷೆಯಲ್ಲಿ ಅಂಕ ಬರಲೆಂದು, ಅಜ್ಜಿಯ ಜ್ವರ ಇಳಿಯಲೆಂದು ಬೇಡಿಕೊಳ್ಳುತ್ತದೆ. ಬೇಡಬಾರದೆಂದು ಯಾರೂ ಹೇಳುವುದಿಲ್ಲ, ಹೇಳಬೇಕಾಗಿಯೂ ಇಲ್ಲ. ಅದೇ ಮಗು ಹದಿನೆಂಟನೆಯ ವಯಸ್ಸಿಗೆ ಬರುವಾಗ ತೀರ್ಥಂಕರನು ವೀತರಾಗ, ಕೊಡುವವನೂ ಅಲ್ಲ, ಕಸಿದುಕೊಳ್ಳುವವನೂ ಅಲ್ಲ, ಲೋಕವನ್ನು ಸೃಷ್ಟಿಸಿದವನೂ ಅಲ್ಲ ಎಂಬುದು ತಿಳಿಯುತ್ತದೆ. ತಿಳಿದ ದಿನ ಎರಡರಲ್ಲಿ ಒಂದು ನಡೆಯಬಹುದು. ಇಷ್ಟು ದಿನ ಬೇಡಿದ್ದೆಲ್ಲ ವ್ಯರ್ಥವೆಂದು ಅದು ಬಸದಿಯಿಂದ ಹೊರಬರಬಹುದು. ಇಲ್ಲವೆ, ಬೇಡುವುದನ್ನು ಬಿಟ್ಟು ನೋಡುವುದನ್ನು ಕಲಿಯಬಹುದು. ಮೊದಲನೆಯದು ನಡೆದರೆ ಮಗುವನ್ನು ದೂರುತ್ತೇವೆ. ಎರಡನೆಯದು ನಡೆಯುವಂತೆ ಏನು ಮಾಡಿದೆವೆಂದು ನಮ್ಮನ್ನು ನಾವು ಕೇಳಿಕೊಳ್ಳುವುದಿಲ್ಲ.

ಸಮಂತಭದ್ರರ 'ಆಪ್ತಮೀಮಾಂಸೆ' ಈ ತಿರುವಿನಲ್ಲಿಯೇ ಹುಟ್ಟಿದ ಕೃತಿಯೆಂದು ನನಗೆ ತೋರುತ್ತದೆ. ಸ್ತೋತ್ರದ ಹೆಸರು ಹೊತ್ತು ಹೊರಟ ಆ ಗ್ರಂಥ ಆರಂಭದಲ್ಲಿಯೇ ಭಕ್ತನ ಅಚ್ಚರಿಗಳನ್ನು ಬದಿಗೆ ಸರಿಸುತ್ತದೆ. ದೇವತೆಗಳು ಇಳಿದು ಬರುವುದು, ಆಕಾಶದಲ್ಲಿ ನಡೆಯುವುದು, ಚಾಮರ ಬೀಸುವುದು ಇವೆಲ್ಲ ಇಂದ್ರಜಾಲ ಬಲ್ಲವನಲ್ಲಿಯೂ ಕಾಣುತ್ತವೆ. ಇವುಗಳಿಂದ ನೀನು ನಮಗೆ ದೊಡ್ಡವನಲ್ಲ ಎಂದು ಅದು ಜಿನನಿಗೇ ಹೇಳುತ್ತದೆ. ದೊಡ್ಡತನಕ್ಕೆ ಪ್ರಮಾಣ ನಿರ್ದೋಷತೆ, ಯುಕ್ತಿಗೆ ವಿರೋಧವಿಲ್ಲದ ವಚನ. ಮಗುವಿಗೆ ನಾವು ಹೇಳುವ ಕಥೆಗಳೆಲ್ಲ ಸಮವಸರಣ, ಪುಷ್ಪವೃಷ್ಟಿ, ದೇವದುಂದುಭಿಗಳಿಂದ ತುಂಬಿವೆ. ತಪ್ಪೇನಿಲ್ಲ. ಬಾಲ್ಯಕ್ಕೆ ಬೇಕಾದ್ದು ಅದೇ. ಆದರೆ ಆ ಅಚ್ಚರಿಗಳನ್ನು ದಾಟಿ ಬರುವವನಿಗಾಗಿ ನಮ್ಮ ಆಚಾರ್ಯರು 114 ಕಾರಿಕೆಗಳ ಒಂದು ಗ್ರಂಥವನ್ನೇ ಸಿದ್ಧಪಡಿಸಿದ್ದಾರೆ ಎಂಬುದನ್ನು ಎಷ್ಟು ಮನೆಗಳಲ್ಲಿ ಹೇಳುತ್ತೇವೆ?

ಶಾಸ್ತ್ರದಿಂದ ಕಥೆಗೆ ಬಂದರೆ ಈ ಪ್ರಶ್ನೆಯ ಮೂರು ಮುಖಗಳನ್ನು ಮೂರು ಕಥೆಗಳಲ್ಲಿ ನೋಡಬಹುದು.

ಮೊದಲನೆಯದು ಅನಂತಮತಿಯ ಕಥೆ. ಸಮ್ಯಕ್ತ್ವದ ಎಂಟು ಅಂಗಗಳಲ್ಲಿ ನಿಃಕಾಂಕ್ಷಿತಕ್ಕೆ ಉದಾಹರಣೆಯಾಗಿ ಇದನ್ನು ಹೇಳುವುದು ರೂಢಿ. ಚಂಪಾನಗರದ ಪ್ರಿಯದತ್ತಶ್ರೇಷ್ಠಿ ಅಷ್ಟಾಹ್ನಿಕ ಪರ್ವದಲ್ಲಿ ಎಂಟು ದಿನಗಳ ಬ್ರಹ್ಮಚರ್ಯವ್ರತ ಹಿಡಿಯುತ್ತಾನೆ. ಜೊತೆಗಿದ್ದ ಪುಟ್ಟ ಮಗಳಿಗೂ ಆಟಕ್ಕೆಂಬಂತೆ ವ್ರತ ಕೊಡಿಸುತ್ತಾನೆ. ಮಗಳು ಬೆಳೆದು ಮದುವೆಯ ಮಾತು ಬಂದಾಗ ಅವಳು ಆ ವ್ರತವನ್ನು ನೆನಪಿಸುತ್ತಾಳೆ. ಅದು ವಿನೋದಕ್ಕೆ ಕೊಡಿಸಿದ್ದೆಂದು ತಂದೆ ಹೇಳುತ್ತಾನೆ. ವ್ರತದಲ್ಲಿ ವಿನೋದವುಂಟೇ ಎಂದು ಮಗಳು ಕೇಳುತ್ತಾಳೆ. ಎಂಟೇ ದಿನಗಳ ವ್ರತವೆಂದು ತಂದೆ ಹೇಳಿದರೆ, ಗುರುಗಳು ನನಗೆ ಆ ಅವಧಿಯನ್ನು ಹೇಳಲಿಲ್ಲವೆಂದು ಉತ್ತರಿಸುತ್ತಾಳೆ. ದೊಡ್ಡವರು ಆಚಾರವೆಂದು ಕೊಟ್ಟದ್ದನ್ನು ಮಗು ಸತ್ಯವೆಂದು ತೆಗೆದುಕೊಂಡಾಗ ದೊಡ್ಡವರೇ ಗಾಬರಿಗೊಳ್ಳುವ ಚಿತ್ರವಿದು. ಈ ಕಥೆಯನ್ನು ಬಾಲದೀಕ್ಷೆಯ ಸಮರ್ಥನೆಗೆ ಬಳಸುವವರೂ ಇರಬಹುದು. ನನಗೆ ಅದು ಒಪ್ಪಿಗೆಯಲ್ಲ. ಕಥೆಯ ಕೇಂದ್ರ ಇರುವುದು ಮಗು ತಲೆಯಾಡಿಸಿದ ಗಳಿಗೆಯಲ್ಲಿ ಅಲ್ಲ. ಹರೆಯಕ್ಕೆ ಬಂದ ಹೆಣ್ಣು ತಂದೆಯೆದುರು ನಿಂತು ಅದೇ ವ್ರತವನ್ನು ತನ್ನ ಮಾತಿನಲ್ಲಿ ಮತ್ತೆ ಕೈಗೊಂಡ ಗಳಿಗೆಯಲ್ಲಿ. ಅವಳು ಬೇಡವೆಂದಿದ್ದರೆ ತಂದೆಗೆ ಸಮಾಧಾನವೇ ಆಗುತ್ತಿತ್ತು. ಬೇಡವೆನ್ನುವ ಅವಕಾಶ ತೆರೆದಿತ್ತು. ಆದ್ದರಿಂದಲೇ ಅವಳ ಒಪ್ಪಿಗೆಗೆ ಬೆಲೆ.

ಎರಡನೆಯದು 'ವಡ್ಡಾರಾಧನೆ'ಯ ಸುಕುಮಾರಸ್ವಾಮಿಯ ಕಥೆ. ಋಷಿಗಳ ಮಾತು ಕಿವಿಗೆ ಬಿದ್ದರೆ ಮಗ ತಪಸ್ಸಿಗೆ ಹೊರಡುವನೆಂಬ ಭವಿಷ್ಯವನ್ನು ಕೇಳಿದ ತಾಯಿ ಯಶೋಭದ್ರೆ ತನ್ನ ಮನೆಗೆ ಋಷಿಗಳು ಬಾರದಂತೆ ಮಾಡುತ್ತಾಳೆ. ಮಗನಿಗೆ ಅರಮನೆಯಂಥ ಮಾಡಗಳು, ಮೂವತ್ತೆರಡು ಜನ ಹೆಂಡಿರು, ಮಣಿದೀಪಗಳ ಬೆಳಕು. ಆರತಿಯ ಉರಿಗೆ ಕಣ್ಣಲ್ಲಿ ನೀರು ಬರುವಷ್ಟು, ಸೇಸೆಯ ಸಾಸಿವೆ ಒತ್ತಿದರೆ ನೋಯುವಷ್ಟು ಮೃದುವಾಗಿ ಅವನು ಬೆಳೆಯುತ್ತಾನೆ. ಆ ತಾಯಿ ಅನ್ಯಧರ್ಮದವಳಲ್ಲ ಎಂಬುದನ್ನು ಗಮನಿಸಬೇಕು. ಶ್ರಾವಕರ ಮನೆಯೇ ಅದು. ತಮ್ಮ ಧರ್ಮ ಮಗನಲ್ಲಿ ಇರಬೇಕು. ಆದರೆ ಅದು ಬೆಳೆದು ಅವನನ್ನು ಬದಲಿಸುವಷ್ಟು ಇರಬಾರದು. ಕೊನೆಗೂ ಒಂದು ರಾತ್ರಿ ಋಷಿಯೊಬ್ಬರ ಸ್ವಾಧ್ಯಾಯದ ದನಿ ಕಿವಿಗೆ ಬಿದ್ದು ಹಿಂದಿನ ಜನ್ಮ ನೆನಪಾಗುತ್ತದೆ. ಬಟ್ಟೆಗಳನ್ನು ಗಂಟು ಹಾಕಿ ಹಗ್ಗ ಮಾಡಿಕೊಂಡು ಅವನು ಇಳಿದುಹೋಗುತ್ತಾನೆ. ಅವನ ಆಯುಷ್ಯದಲ್ಲಿ ಉಳಿದದ್ದು ಮೂರೇ ದಿನ. ಬಾಗಿಲು ತೆರೆದಿದ್ದರೆ ಅವನು ಬಾಗಿಲಿನಿಂದಲೇ ಹೋಗುತ್ತಿದ್ದ, ತಾಯಿಗೆ ಹೇಳಿ ಹೋಗುತ್ತಿದ್ದ ಎಂದು ಈ ಕಥೆಯನ್ನು ಓದಿದಾಗಲೆಲ್ಲ ಅನಿಸುತ್ತದೆ.

ಮೂರನೆಯದು ಜನ್ನನ 'ಯಶೋಧರಚರಿತೆ' (1209). ಇಲ್ಲಿ ಮಗನಿಗೆ ತಿಳಿವಳಿಕೆ ಬಂದಿದೆ. ಬಲಿ ಕೊಡುವುದು ಹಿಂಸೆಯೆಂದು ಅವನು ತಾಯಿ ಚಂದ್ರಮತಿಗೆ ಹೇಳಬಲ್ಲ, ಹೇಳುತ್ತಾನೆ ಕೂಡ. ಆದರೆ ತಾಯಿಯ ಮಾತನ್ನು ಪೂರ್ತಿ ಮೀರಲಾರದೆ ಹಿಟ್ಟಿನ ಕೋಳಿಯ ಬಲಿಗೆ ಒಪ್ಪುತ್ತಾನೆ. ಪ್ರಾಣವಿಲ್ಲದ ಕೋಳಿ, ಆದರೆ ಸಂಕಲ್ಪ ನಿಜವಾದದ್ದು. ಅದರ ಫಲವಾಗಿ ತಾಯಿ ಮಗ ಇಬ್ಬರೂ ಜನ್ಮಜನ್ಮಗಳಲ್ಲಿ ಬಳಲುತ್ತಾರೆ. ಈ ಕಾವ್ಯವನ್ನು ಸಂಕಲ್ಪಹಿಂಸೆಯ ನಿದರ್ಶನವೆಂದು ವಿವರಿಸುವುದು ಸರಿಯೇ. ಅದರ ಜೊತೆಗೆ, ನಂಬಿಕೆ ಬದಲಾದ ಮಗನೊಬ್ಬ ಮನೆಯ ಶಾಂತಿಗಾಗಿ ನಂಬದ ಆಚರಣೆಯನ್ನು ಮಾಡುವುದರ ಕಥೆಯೆಂದೂ ಓದಬಹುದು. ಅಂಥ ರಾಜಿಯಿಂದ ತಾಯಿಗೂ ಒಳಿತಾಗಲಿಲ್ಲ ಎಂಬುದನ್ನು ಜನ್ನ ಮರೆಯುವುದಿಲ್ಲ.

ಈ ಮೂರೂ ಕಥೆಗಳು ಇಂದಿಗೂ ನಡೆಯುತ್ತಿವೆ. ನಾನು ಬಲ್ಲ ಕಲ್ಯಾಣ ನಗರದಂಥ ಬಡಾವಣೆಗಳಿಗೆ ಹಾಸನ, ತುಮಕೂರು, ಬೆಳಗಾವಿ, ದಕ್ಷಿಣ ಕನ್ನಡದ ಕಡೆಯಿಂದ ಬಂದು ನೆಲೆಸಿದ ಮನೆಗಳಲ್ಲಿ ಧರ್ಮದ ಸ್ಥಿತಿ ಬೇರೆಯೇ ಆಗಿದೆ. ಊರಿನಲ್ಲಿ ಬಸದಿ ಇತ್ತು, ಇಂದ್ರರಿದ್ದರು, ಕೇಳಿದ ಪ್ರಶ್ನೆಗೆ ಉತ್ತರ ಹೇಳದಿದ್ದರೂ ನಡೆನುಡಿಯಿಂದ ತೋರಿಸುವ ಹಿರಿಯರಿದ್ದರು. ಇಲ್ಲಿ ಧರ್ಮವೆಂದರೆ ಅಡುಗೆಮನೆಯ ನಿಯಮ ಮತ್ತು ದೇವರ ಗೂಡು. ಮಗುವಿನ ಸಹಪಾಠಿಗಳಲ್ಲಿ ಒಬ್ಬ ಚರ್ಚಿಗೆ ಹೋಗುವವನು, ಒಬ್ಬ ಮಸೀದಿಗೆ, ಒಬ್ಬ ಮಾಲೆ ಧರಿಸಿ ಶಬರಿಮಲೆಗೆ. ಹೋಲಿಕೆ ತಾನಾಗಿ ಹುಟ್ಟುತ್ತದೆ, ಪ್ರಶ್ನೆಯೂ ಹುಟ್ಟುತ್ತದೆ. ಸೂರ್ಯಾಸ್ತದ ಮೇಲೆ ಏಕೆ ಉಣ್ಣಬಾರದು, ಆಲೂಗಡ್ಡೆಯಲ್ಲಿ ಏನಿದೆ, ದೇವರು ಕೊಡುವುದಿಲ್ಲವಾದರೆ ಪೂಜೆ ಯಾರಿಗೆ? ಉತ್ತರ ಬಾರದಿದ್ದಾಗ ಹಿರಿಯರಿಂದ ಬರುವುದು 'ಹಾಗೆಲ್ಲ ಕೇಳಬಾರದು' ಎಂಬ ಮಾತು. ಸಮ್ಯಕ್ತ್ವಕ್ಕೆ ಶಂಕೆ ದೋಷವೆಂದು ಶಾಸ್ತ್ರ ಹೇಳಿದೆಯಲ್ಲ ಎಂದು ಕೆಲವರು ಆಧಾರವನ್ನೂ ಕೊಡುತ್ತಾರೆ. ಶಂಕೆಗೂ ಜಿಜ್ಞಾಸೆಗೂ ವ್ಯತ್ಯಾಸವಿಲ್ಲವಾಗಿದ್ದರೆ ಗೌತಮ ಗಣಧರರು ಮಹಾವೀರಸ್ವಾಮಿಗೆ ಪ್ರಶ್ನೆಗಳನ್ನು ಕೇಳುತ್ತಲೇ ಇರಲಿಲ್ಲ. ಪುರಾಣಗಳ ಚೌಕಟ್ಟೇ ಶ್ರೇಣಿಕನು ಕೇಳಿದ, ಗಣಧರರು ಹೇಳಿದರು ಎಂಬುದಾಗಿದೆ.

ಬಾಲ್ಯದಲ್ಲಿ ಏನನ್ನೂ ಕಲಿಸದೆ ದೊಡ್ಡವರಾದ ಮೇಲೆ ಅವರೇ ಆರಿಸಿಕೊಳ್ಳಲಿ ಎನ್ನುವವರೂ ಇದ್ದಾರೆ. ಆ ವಾದವನ್ನೂ ನಾನು ಒಪ್ಪಲಾರೆ. ಭಾಷೆಯನ್ನೇ ಕಲಿಯದವನು ಮುಂದೆ ಯಾವ ಭಾಷೆಯಲ್ಲಿ ವಾದಿಸಬೇಕು? ಅಭಿರಾಮದೇವರಾಯನಿಗೆ ತನ್ನ ಕುಲದ ಧರ್ಮ ಗೊತ್ತಿತ್ತು. ಅದರಿಂದಲೇ ಅವನು ಮತ್ತೊಂದನ್ನು ತೂಗಿ ನೋಡಬಲ್ಲವನಾದ. ಹೊಯ್ಸಳ ರಾಣಿ ಶಾಂತಲೆಯ ತಂದೆ ಮಾರಸಿಂಗಯ್ಯ ಶೈವ, ತಾಯಿ ಮಾಚಿಕಬ್ಬೆ ಜೈನೆ. ಮಗಳು ತಾಯಿಯ ಧರ್ಮದಲ್ಲಿ ನಿಂತಳು. ಎರಡು ಆರಾಧನೆಗಳನ್ನು ಒಂದೇ ಮನೆಯಲ್ಲಿ ಕಂಡು ಬೆಳೆದವಳು ಶ್ರವಣಬೆಳಗೊಳದಲ್ಲಿ ಸವತಿಗಂಧವಾರಣ ಬಸದಿಯನ್ನು ಕಟ್ಟಿಸಿದಳು. ಮನೆಯಲ್ಲಿ ಎರಡು ದಾರಿಗಳಿದ್ದುದರಿಂದ ನಂಬಿಕೆ ಸಡಿಲವಾಗಲಿಲ್ಲ.

ವಿಚಾರ ಮಾಡಿ ಕೊನೆಗೆ ನಂಬಿಕೆಯಿಲ್ಲದ ಕಡೆಗೆ ಹೋದರೆ? ಹೋಗಬಹುದು. ಎ. ಎನ್. ಮೂರ್ತಿರಾಯರ 'ದೇವರು' 1991ರಲ್ಲಿ ಪ್ರಕಟವಾದಾಗ ಲೇಖಕರಿಗೆ ತೊಂಬತ್ತು ದಾಟಿತ್ತು. ಒಂದು ಆಯುಷ್ಯವನ್ನೇ ವಿಚಾರಕ್ಕೆ ಕೊಟ್ಟವರ ಅಪನಂಬಿಕೆ ಅದು. ಜಗತ್ಕರ್ತನನ್ನು ಒಪ್ಪದ ದರ್ಶನದ ನಾವು ಅಂಥ ಪುಸ್ತಕಕ್ಕೆ ಹೆದರಬೇಕಾದ ಕಾರಣವಿಲ್ಲ. ವಿಚಾರಿಸದ ನಂಬಿಕೆಗಿಂತ ವಿಚಾರಿಸಿದ ಅಪನಂಬಿಕೆಯ ಜೊತೆ ಮಾತುಕತೆ ಸುಲಭ.

ಸಂಶೋಧಕರಲ್ಲಿ ನನ್ನದೊಂದು ಬಿನ್ನಹವಿದೆ. ಜೈನಯುಗ, ವೀರಶೈವಯುಗ, ಬ್ರಾಹ್ಮಣಯುಗ ಎಂಬ ವಿಭಜನೆಯನ್ನು ನಮ್ಮ ಸಾಹಿತ್ಯಚರಿತ್ರೆ ಬಹುಮಟ್ಟಿಗೆ ಬಿಟ್ಟಿದೆ. ಆದರೆ ಕವಿಯ ಮತವನ್ನು ಅವನ ಜನ್ಮಪತ್ರಿಕೆಯಂತೆ ನಮೂದಿಸುವ ಅಭ್ಯಾಸ ಉಳಿದಿದೆ. ಮತದ ಹೆಸರನ್ನು ಬರೆಯುವ ಮುನ್ನ ಅದು ಯಾವ ವಯಸ್ಸಿನ ನಂಬಿಕೆ, ಬಂದದ್ದೋ ಒಪ್ಪಿದ್ದೋ, ಎಷ್ಟು ತಲೆಮಾರು ಹಳೆಯದು ಎಂದು ಕೇಳುವುದಾದರೆ ಪಂಪನಂತೆಯೇ ಇನ್ನೂ ಹಲವರು ಬೇರೆಯಾಗಿ ಕಾಣಿಸಿಯಾರು.

ಮನೆಯ ಹಿರಿಯರಿಗೆ ಹೇಳಬೇಕಾದದ್ದು ಸ್ಥಿತೀಕರಣದ ಅಂಗದಲ್ಲಿದೆ. ಗೆಳೆತನದ ಸಂಕೋಚಕ್ಕೆ ದೀಕ್ಷೆ ಪಡೆದ ಪುಷ್ಪಡಾಲನ ಮನಸ್ಸು ಹನ್ನೆರಡು ವರ್ಷವಾದರೂ ಮನೆಯ ಕಡೆಗೇ ಎಳೆಯುತ್ತಿತ್ತು. ವಾರಿಷೇಣ ಮುನಿ ಅವನನ್ನು ಗದರಲಿಲ್ಲ, ಶಾಪದ ಭಯ ಹೇಳಲಿಲ್ಲ. ತಾನು ತೊರೆದು ಬಂದ ಅರಮನೆಗೇ ಅವನನ್ನು ಕರೆದೊಯ್ದು, ತನ್ನ ಐಶ್ವರ್ಯವನ್ನೂ ಪತ್ನಿಯರನ್ನೂ ತೋರಿಸಿ, ಬೇಕಾದರೆ ಇವನ್ನೆಲ್ಲ ತೆಗೆದುಕೋ ಎಂದ. ಪುಷ್ಪಡಾಲ ಅಲ್ಲಿಂದ ಹಿಂದಿರುಗಿ ನಡೆದದ್ದು ಮೊದಲ ಬಾರಿಗೆ ತನ್ನದೇ ಇಚ್ಛೆಯಿಂದ. ಪ್ರಶ್ನೆ ಕೇಳುವ ವಯಸ್ಸಿಗೆ ಬಂದ ಮಕ್ಕಳ ಬಳಿಯೂ ವಾರಿಷೇಣನ ಈ ಧೈರ್ಯದಿಂದಲೇ ಮಾತನಾಡಬೇಕಾಗಿದೆ.