ಹಟ್ಟಿಯ ಅಳತೆ ಹೊಲ ಹೇಳಬೇಕು

ಟ್ರೌಟ್ ಮೀನನ್ನು ನಾನು ಕಂಡವನಲ್ಲ. ಆದರೆ ಆ ಮೀನಿರುವ ಅಮೆರಿಕದ ಒಂದು ಹೊಳೆಯ ಸಂಗತಿ ಓದಿದ ಮೇಲೆ ನನ್ನ ಹಟ್ಟಿಯ ಲೆಕ್ಕವನ್ನೇ ಇನ್ನೊಮ್ಮೆ ಹಾಕಿ ನೋಡಿದೆ.

ಹೊಳೆಯ ಹೆಸರು ಬ್ಲಡಿ ರನ್. ಅಯೋವಾ ರಾಜ್ಯದ ಈಶಾನ್ಯ ಮೂಲೆಯಲ್ಲಿ ಹರಿದು ಮಿಸಿಸಿಪ್ಪಿ ನದಿಗೆ ಸೇರುತ್ತದೆ. ಒರತೆಗಳಿಂದ ಬರುವ ತಣ್ಣನೆಯ, ತಿಳಿ ನೀರು. ಟ್ರೌಟಿಗೆ ಅದೇ ಬೇಕು; ಬೆಚ್ಚಗಾದರೆ, ಕೊಳೆತರೆ ಅದು ಬದುಕದು. ರಾಜ್ಯ ಸರಕಾರವೇ ಇದನ್ನು ತನ್ನ ಅತ್ಯುತ್ತಮ ನೀರುಗಳ ಪಟ್ಟಿಗೆ ಸೇರಿಸಿದೆ. ಇದೇ ಹೊಳೆಯ ಮೇಲ್ಭಾಗದಲ್ಲಿ, ಮೊನೋನಾ ಎಂಬ ಊರಿನ ಹತ್ತಿರ, ಮಾಂಸಕ್ಕಾಗಿ ದನ ಕೊಬ್ಬಿಸುವ ಹಟ್ಟಿ ಬಂತು. ದನ ಎಷ್ಟು ಗೊತ್ತೇ? 11,600!

ದನವೊಂದಕ್ಕೆ ದಿನಕ್ಕೆ 20 ಕಿಲೋ ಸಗಣಿ-ಗಂಜಲ ಎಂದು ಕಮ್ಮಿಯೇ ಹಿಡಿಯೋಣ. ಹಟ್ಟಿ ತುಂಬಿದರೆ ದಿನಕ್ಕೆ 232 ಟನ್ ಆಯಿತು. ನನ್ನಲ್ಲಿ ಮೂರು ದನ. ಅವುಗಳ ಗೊಬ್ಬರ ತೋಟಕ್ಕೆ ಸಾಲುವುದಿಲ್ಲ, ಒಂದು ಬುಟ್ಟಿಯನ್ನೂ ಹಾಳು ಮಾಡುವುದಿಲ್ಲ. ಸಗಣಿ ಅದೇ ಮಾರಾಯರೇ! ಬುಡಕ್ಕೆ ಬಿದ್ದರೆ ಬಂಗಾರ, ಮಣ್ಣು ಉಣ್ಣುವುದಕ್ಕಿಂತ ಹೆಚ್ಚಾದರೆ ವಿಷ. ಹೊಳೆಗೆ ಇಳಿದರೆ ಅದರ ಅಮೋನಿಯಾ ಮೀನನ್ನು ಕೊಲ್ಲುತ್ತದೆ. ಅದು ಕೊಳೆಯುವಾಗ ನೀರಿನ ಆಮ್ಲಜನಕ ಮುಗಿಯುತ್ತದೆ. ನೈಟ್ರೇಟ್ ಬಾವಿಗೂ ಇಳಿಯುತ್ತದೆ.

ಅಲ್ಲಿನ ನೆಲವೋ ಸುಣ್ಣಕಲ್ಲಿನದು, ಅಡಿಯಲ್ಲಿ ಬಿರುಕು, ಪೊಟರೆ. ಮೇಲೆ ಚೆಲ್ಲಿದ್ದು ಸೋಸಿಕೊಳ್ಳದೆಯೇ ಒರತೆಗೆ ಹೋಗಬಹುದು. ಹಾಗಿದ್ದೂ, ಗೊಬ್ಬರವನ್ನು ಯಾವ ಹೊಲಕ್ಕೆ ಎಷ್ಟು ಹಾಕುತ್ತೇವೆಂಬ ಕಂಪೆನಿಯ ಯೋಜನೆಗೆ ಇಲಾಖೆ 2021ರಲ್ಲಿ ಒಪ್ಪಿಗೆ ಕೊಟ್ಟಿತು. ಪರಿಸರದವರು, ಟ್ರೌಟ್ ಹಿಡಿಯುವವರು ಕೋರ್ಟಿಗೆ ಹೋದರು. 2023ರಲ್ಲಿ ನ್ಯಾಯಾಧೀಶರು ಆ ಒಪ್ಪಿಗೆಯನ್ನು ತಳ್ಳಿಹಾಕಿದರು. ಕಂಪೆನಿ ಯೋಜನೆ ತಿದ್ದಿ ತಂದಿತು, ಇಲಾಖೆ ಮತ್ತೆ ಒಪ್ಪಿತು. ಕಾಗದ ಓಡಾಡುತ್ತಲೇ ಇತ್ತು, ದನಗಳು ಸಗಣಿ ಹಾಕುತ್ತಲೇ ಇದ್ದವು.

'ನನ್ನ ಜಾಗ, ನನ್ನ ದನ, ಕೇಳಲು ನೀವ್ಯಾರು?' ಎನ್ನಬಹುದು. ಕೃಷಿಕನಾಗಿ ಆ ಮಾತು ನನಗೂ ಅರ್ಥವಾಗುತ್ತದೆ. ಇಲಾಖೆಯವರು ನಮ್ಮ ಗೊಬ್ಬರಗುಂಡಿ ಅಳೆಯಲು ಬರುವುದು ಯಾರಿಗೆ ಇಷ್ಟ? ಆದರೆ ಬೇಲಿ ಇರುವುದು ನೆಲದ ಮೇಲೆ. ಅಡಿಯಲ್ಲಿ ಹರಿಯುವ ನೀರಿಗೆ ಬೇಲಿ ಇಲ್ಲ. ಕೆಳಗಿನವನ ಬಾವಿ ಕೆಟ್ಟರೆ ಅದು ನನ್ನ ಸ್ವಾತಂತ್ರ್ಯವಲ್ಲ, ಅವನ ಮೇಲೆ ನಾನು ಹೊರಿಸಿದ ಖರ್ಚು.

ನನ್ನ ಅಭಿಪ್ರಾಯ ಇಷ್ಟೇ. ಎಷ್ಟು ದನ ಸಾಕಬೇಕೆಂದು ಬ್ಯಾಂಕು, ಮಾರುಕಟ್ಟೆ ಹೇಳಬಾರದು. ಗೊಬ್ಬರ ಉಣ್ಣುವ ಹೊಲ ಹೇಳಬೇಕು. ಒರತೆಯ ಬಾಯಲ್ಲಿ ಇಂಥ ಹಟ್ಟಿ ಬೇಡವೇ ಬೇಡ. ನೀರು ಕೆಡುವುದಿಲ್ಲವೆಂದು ತೋರಿಸಿಕೊಡುವ ಹೊಣೆ ಕಟ್ಟುವವನದಾಗಲಿ, ಅದೂ ಕಟ್ಟುವ ಮೊದಲೇ. ಮೀನು ಸತ್ತ ಮೇಲೆ ದಂಡ ಕಟ್ಟಿಸಿ ಏನು ಫಲ? ದುಡ್ಡು ಸರಕಾರಕ್ಕೆ ಸೇರೀತು, ಹೊಳೆ ಹಿಂದೆ ಬಾರದು.