ಮೊದಲು ಸೋಸಿ, ಆಮೇಲೆ ಅಳೆಯಿರಿ

ವಿಜ್ಞಾನ ವಸ್ತುಪ್ರದರ್ಶನಗಳಲ್ಲಿ ಈಗ ಆರ್ಡುಯಿನೊ ಬೋರ್ಡ್ ಇಲ್ಲದ ಮೇಜು ಕಡಿಮೆ. ಸೆನ್ಸರ್ ಜೋಡಿಸಿ ಪರದೆಯ ಮೇಲೆ ಅಂಕಿ ಬಂದರೆ ಸಾಕು, ಪ್ರಾಜೆಕ್ಟ್ ಗೆದ್ದಂತೆ. ಆ ಅಂಕಿಯನ್ನು ಸೆಕೆಂಡಿಗೆ ಎಷ್ಟು ಸಲ ಅಳೆದಿರಿ ಎಂದು ನೋಡಲು ಬಂದವರು ಕೇಳುವುದಿಲ್ಲ. ಕೇಳಲೇಬೇಕು ಎಂಬುದು ನನ್ನ ಅಭಿಪ್ರಾಯ.

ನಮ್ಮ ಶಾಂತಿಗ್ರಾಮದ ಸುತ್ತಲಿನ ಒಂದು ಆಲೂಗಡ್ಡೆ ಹೊಲವನ್ನೇ ತೆಗೆದುಕೊಳ್ಳಿ. ಅಲ್ಲಿನ ಬಿಸಿಲಿನ ಕಾವು ಹಗಲು ಏರುತ್ತದೆ, ರಾತ್ರಿ ಇಳಿಯುತ್ತದೆ. ದಿನಾ ಮಧ್ಯಾಹ್ನ 12ಕ್ಕೆ ಮಾತ್ರ ಅಳೆದರೆ ಗ್ರಾಫ್ ಹೆಚ್ಚುಕಡಿಮೆ ನೇರ ಗೆರೆಯಾಗುತ್ತದೆ. ರಾತ್ರಿಯ ಚಳಿ ಇಲ್ಲವೇ ಇಲ್ಲ ಎನಿಸುತ್ತದೆ. 25 ಗಂಟೆಗೊಮ್ಮೆ ಅಳೆದರೆ ಇನ್ನೂ ವಿಚಿತ್ರ. ಇವತ್ತು 12 ಗಂಟೆ, ನಾಳೆ 1 ಗಂಟೆ, ನಾಡಿದ್ದು 2 ಗಂಟೆ, ಹೀಗೆ ಸರಿಯುತ್ತಾ ಮತ್ತೆ 12ಕ್ಕೆ ಬರಲು 25 ದಿನ ಬೇಕು. ಗ್ರಾಫ್ ನೋಡಿದವರು, ಈ ಊರಿನಲ್ಲಿ 25 ದಿನಕ್ಕೊಮ್ಮೆ ಸೆಕೆ, ಚಳಿ ಬಂದು ಹೋಗುತ್ತದೆ ಎಂದುಕೊಳ್ಳುತ್ತಾರೆ. ಥರ್ಮಾಮೀಟರ್ ಸರಿಯಿದೆ, ಓದಿದ ಅಂಕಿಗಳೂ ಸರಿ. ಆದರೂ ಚಿತ್ರ ಸುಳ್ಳು.

ಇದನ್ನೇ ಏಲಿಯಾಸಿಂಗ್ ಎನ್ನುತ್ತಾರೆ. ಪತ್ರಿಕೆಯ ಅಪರಾಧ ಸುದ್ದಿಗಳಲ್ಲಿ ‘ಅಲಿಯಾಸ್’ ಎಂಬ ಪದ ಓದಿರುತ್ತೀರಿ. ಇಲ್ಲಿಯೂ ಅದೇ ಅರ್ಥ: ಒಂದು ವೇಗದ ಅಲೆ ಬೇರೆ ಹೆಸರಿಟ್ಟುಕೊಂಡು ನಿಧಾನದ ಅಲೆಯಾಗಿ ಬರುತ್ತದೆ. ಹ್ಯಾರಿ ನೈಕ್ವಿಸ್ಟ್ 1928ರಲ್ಲಿ ಮತ್ತು ಕ್ಲಾಡ್ ಶಾನನ್ 1949ರಲ್ಲಿ ಬರೆದ ಲೇಖನಗಳಿಂದ ನಮಗೆ ಸಿಕ್ಕ ನಿಯಮ ಸರಳ. ಸಿಗ್ನಲ್‌ನಲ್ಲಿರುವ ಅತಿ ಹೆಚ್ಚಿನ ಆವರ್ತನದ ಎರಡು ಪಟ್ಟಿಗಿಂತ ಹೆಚ್ಚು ಸಲ ಅಳೆಯಬೇಕು. ದೂರವಾಣಿಯಲ್ಲಿ ಮಾತನ್ನು ಸುಮಾರು 3,400 ಹರ್ಟ್ಸ್‌ಗೆ ಸೀಮಿತಗೊಳಿಸಿ, ಸೆಕೆಂಡಿಗೆ 8,000 ಸಲ ಅಳೆಯುವುದು ಇದೇ ಕಾರಣಕ್ಕೆ. ಸೀಮಿತಗೊಳಿಸದೆ ಬಿಟ್ಟರೆ 5,000 ಹರ್ಟ್ಸ್‌ನ ಶಬ್ದ 3,000 ಹರ್ಟ್ಸ್‌ನದಾಗಿ ಕೇಳಿಸುತ್ತದೆ.

ಈಗ ಪ್ರದರ್ಶನದ ಮೇಜಿಗೆ ಬನ್ನಿ. ನಾಡಿಮಿಡಿತ ತೋರಿಸುವ ಪ್ರಾಜೆಕ್ಟ್ ಎಲ್ಲರಿಗೂ ಇಷ್ಟ. ಸೆನ್ಸರ್‌ನ ವೈರ್ ಉದ್ದವಿದ್ದರೆ ಗೋಡೆಯೊಳಗಿನ ಕರೆಂಟಿನ 50 ಹರ್ಟ್ಸ್ ಅದರಲ್ಲಿ ಸೇರಿಕೊಳ್ಳುತ್ತದೆ. ಪ್ರೋಗ್ರಾಂ ಸೆಕೆಂಡಿಗೆ 49 ಸಲ ಓದುತ್ತಿದ್ದರೆ ಆ 50 ಹರ್ಟ್ಸ್ 1 ಹರ್ಟ್ಸ್ ಆಗಿ ಕಾಣುತ್ತದೆ, ಅಂದರೆ ನಿಮಿಷಕ್ಕೆ 60. ಬೆರಳೇ ಇಡದಿದ್ದರೂ ಪರದೆ ಆರೋಗ್ಯವಂತರ ನಾಡಿ ತೋರಿಸಬಹುದು! ಇದನ್ನು ನಂಬಿ ಯಾರಾದರೂ ಮನೆಯ ಹಿರಿಯರ ನಾಡಿ ನೋಡಿದರೆ ಏನು ಗತಿ?

ಆಮೇಲೆ ಸಾಫ್ಟ್‌ವೇರ್‌ನಲ್ಲಿ ಸರಿಮಾಡಿದರಾಯಿತು ಎನ್ನುವವರಿದ್ದಾರೆ. ಆಗದು. ಅಂಕಿಯಾದ ಮೇಲೆ ನಿಜವಾದ 1 ಹರ್ಟ್ಸ್ ಯಾವುದು, ವೇಷ ಹಾಕಿದ್ದು ಯಾವುದು ಎಂದು ಬೇರ್ಪಡಿಸಲು ದಾರಿಯಿಲ್ಲ. ಚಹಾ ಲೋಟಕ್ಕೆ ಬಗ್ಗಿಸುವ ಮೊದಲೇ ಸೋಸಬೇಕು. 10 ಕಿಲೋಓಮ್ ರೆಸಿಸ್ಟರ್, 1 ಮೈಕ್ರೋಫ್ಯಾರಡ್ ಕೆಪಾಸಿಟರ್ ಸೇರಿಸಿದರೆ ಸುಮಾರು 16 ಹರ್ಟ್ಸ್‌ನಿಂದ ಮೇಲಿನದನ್ನು ತಗ್ಗಿಸುವ ಫಿಲ್ಟರ್ ಸಿದ್ಧ. ಅದು 50 ಹರ್ಟ್ಸ್ ಅನ್ನು ಮೂರನೇ ಒಂದು ಭಾಗಕ್ಕಷ್ಟೇ ಇಳಿಸುತ್ತದೆ. ಆದ್ದರಿಂದ ಸೆಕೆಂಡಿಗೆ 200 ಸಲವಾದರೂ ಓದಬೇಕು. ಆಗ ಉಳಿದ 50 ಹರ್ಟ್ಸ್ ತನ್ನ ಸ್ವಂತ ಹೆಸರಿನಲ್ಲೇ ಕಾಣುತ್ತದೆ, ಪ್ರೋಗ್ರಾಂನಲ್ಲಿ ತೆಗೆಯಲೂಬಹುದು.

ದ್ವಿತೀಯ ಪಿಯುಸಿ ಭೌತಶಾಸ್ತ್ರದ ಕೊನೆಯಲ್ಲಿದ್ದ ಸಂವಹನ ವ್ಯವಸ್ಥೆಗಳ ಅಧ್ಯಾಯವನ್ನು ಎನ್‌ಸಿಇಆರ್‌ಟಿ 2022ರಲ್ಲಿ ಹೊರೆ ಇಳಿಸಲೆಂದು ಕೈಬಿಟ್ಟಿತು. ಪರೀಕ್ಷೆಗೆ ಬರದ್ದು ನಮಗೇಕೆ ಎಂಬ ಮಾತು ಸಹಜ. ಆದರೆ ಪಕ್ಕದ ಹಾಸನದಲ್ಲೇ 1982ರಿಂದ ಇಸ್ರೋದ ಎಂಸಿಎಫ್ ಇದೆ. ಸುಮಾರು 36,000 ಕಿ.ಮೀ. ಎತ್ತರದ ಉಪಗ್ರಹಗಳ ಆರೋಗ್ಯವನ್ನು ಅಲ್ಲಿನವರು ತಿಳಿಯುವುದು ಹೀಗೆ ಅಳೆದು ಕಳಿಸಿದ ಅಂಕಿಗಳಿಂದಲೇ. ಅಲ್ಲಿ ಕೆಲಸ ಮಾಡುವ ಕನಸು ನಮ್ಮಲ್ಲಿ ಎಷ್ಟು ಜನಕ್ಕಿಲ್ಲ?

ಉಪನ್ಯಾಸಕರಲ್ಲಿ ನನ್ನ ವಿನಂತಿ ಇಷ್ಟೇ: ಲ್ಯಾಬ್‌ನಲ್ಲಿ ಒಂದೇ ಒಂದು ಪೀರಿಯಡ್ ಇದಕ್ಕೆ ಕೊಡಿ. ಗೆಳೆಯರೇ, ಮುಂದಿನ ಪ್ರದರ್ಶನದಲ್ಲಿ ನಿಮ್ಮ ಚಾರ್ಟಿನ ಮೇಲೆ ಎರಡು ಸಾಲು ಹೆಚ್ಚು ಬರೆಯಿರಿ: ಸೆಕೆಂಡಿಗೆ ಎಷ್ಟು ಸಲ ಅಳೆದಿರಿ, ಅಳೆಯುವ ಮೊದಲು ಏನನ್ನು ಸೋಸಿದಿರಿ.