ಹಳೆಯ ಕಂಪ್ಯೂಟರ್ ಗೇಮ್‌ಗೆ ‘ಮಾಡ್’ ಹಾಕುವುದು ಹ್ಯಾಕಿಂಗೇ? ಶುರು ಮಾಡುವ ಮುನ್ನ ತಿಳಿಯಬೇಕಾದ್ದು

“ಹಳೆಯ ಗೇಮ್ ಈಗ ಹೊಸ ಸಿನಿಮಾದಂತೆ! ಗೇಮ್ ಮತ್ತು 200 ಮಾಡ್ ಒಂದೇ ಫೈಲ್‌ನಲ್ಲಿ. ಇನ್‌ಸ್ಟಾಲ್ ಮಾಡುವಾಗ ಆಂಟಿವೈರಸ್ ಆಫ್ ಮಾಡಿ. ಎಲ್ಲರಿಗೂ ಕಳಿಸಿ.”

ಇಂಥದ್ದೊಂದು ಫಾರ್ವರ್ಡನ್ನು ನನ್ನ ಚಿಕ್ಕಮ್ಮನ ಮಗ ನನಗೆ ಕಳಿಸಿ, “ಅಕ್ಕಾ, ಹಾಕಬಹುದಾ?” ಎಂದು ಕೇಳಿದ. ಹಾಕಲು ಹೊರಟಿದ್ದು ಮನೆಯಲ್ಲಿರುವ ಒಂದೇ ಲ್ಯಾಪ್‌ಟಾಪ್‌ಗೆ. ಅವನ ಅಪ್ಪನ ಬ್ಯಾಂಕ್ ಲಾಗಿನ್, ಅವನ ಕಾಲೇಜಿನ ಇಮೇಲ್, ಎಲ್ಲವೂ ಅದರಲ್ಲೇ ಇವೆ. ಈ ಫೈಲ್ ಬೇಡವೇ ಬೇಡ ಎಂದೆ. ಆದರೆ ಮಾಡ್ ಹಾಕುವುದೇ ತಪ್ಪು ಎಂದು ಹೇಳಲಿಲ್ಲ. ಈ ಎರಡರ ನಡುವಿನ ವ್ಯತ್ಯಾಸ ಏನು ಎಂಬುದೇ ಈ ಬರಹ.

ಮಾಡ್ ಎಂದರೇನು?

ಆಟಗಾರರೇ ತಯಾರಿಸಿ, ಗೇಮ್‌ಗೆ ಸೇರಿಸುವ ಬದಲಾವಣೆಯೇ ಮಾಡ್. ಹೊಸ ಕತ್ತಿ, ಹೊಸ ಊರು, ಸ್ಪಷ್ಟವಾದ ಚಿತ್ರಗಳು, ಕಂಪನಿ ಸರಿಪಡಿಸದೆ ಬಿಟ್ಟ ದೋಷಗಳಿಗೆ ತೇಪೆ, ಹೀಗೆ ಏನೂ ಆಗಿರಬಹುದು.

ಇದು ಕಳ್ಳದಾರಿಯಲ್ಲ. ಅಮೆರಿಕದ ಬೆಥೆಸ್ಡಾ ಕಂಪನಿ 2002ರಲ್ಲಿ ‘ಮಾರೋವಿಂಡ್’ ಎಂಬ ರೋಲ್-ಪ್ಲೇಯಿಂಗ್ ಗೇಮ್ ಹೊರತಂದಾಗ, ಗೇಮನ್ನು ಬದಲಿಸುವ ಉಪಕರಣವನ್ನೂ ಜೊತೆಗೇ ಕೊಟ್ಟಿತ್ತು. ನಂತರ ಬಂದ ‘ಒಬ್ಲಿವಿಯನ್’ (2006) ಮತ್ತು ‘ಸ್ಕೈರಿಮ್’ (2011) ಗೇಮ್‌ಗಳಿಗೂ ಇಂಥ ಉಪಕರಣಗಳು ಬಂದವು. ಸ್ಕೈರಿಮ್‌ಗಾಗಿ ಬರೆದ ‘ದಿ ಫರ್ಗಾಟನ್ ಸಿಟಿ’ ಎಂಬ ಮಾಡ್, 2021ರಲ್ಲಿ ಸ್ವತಂತ್ರ ಗೇಮ್ ಆಗಿಯೇ ಬಿಡುಗಡೆಯಾಯಿತು.

ಹಾಗಾದರೆ ‘ಮಾಡ್ ಎಪಿಕೆ’ ಕೂಡ ಇದೇನಾ?

ಅಲ್ಲ. ನಮ್ಮ ಫೋನ್‌ಗಳಲ್ಲಿ ಹರಿದಾಡುವ ‘ಮಾಡ್ ಎಪಿಕೆ’ ಎಂದರೆ, ಯಾರೋ ಅಪರಿಚಿತರು ಇಡೀ ಆಪನ್ನೇ ಬಿಚ್ಚಿ, ತಿದ್ದಿ, ಮತ್ತೆ ಕಟ್ಟಿ ಕೊಟ್ಟ ಪ್ರತಿ. ಜಿಬಿ ವಾಟ್ಸಾಪ್ ಇದೇ ಜಾತಿಯದು. ಇಂಥ ಅನಧಿಕೃತ ಆಪ್ ಬಳಸಿದರೆ ಖಾತೆಯನ್ನೇ ನಿರ್ಬಂಧಿಸಬಹುದು ಎಂದು ವಾಟ್ಸಾಪ್ ಹೇಳಿದೆ. ಗೇಮ್ ಮಾಡ್‌ನಲ್ಲಿ ಮೂಲ ಗೇಮ್ ನಿಮ್ಮದೇ ಆಗಿರುತ್ತದೆ, ಮೇಲೆ ಸೇರಿಸುವ ತುಂಡು ಮಾತ್ರ ಹೊಸದು. ಹೆಸರು ಒಂದೇ ಆದರೂ ಇವೆರಡು ಬೇರೆ ಬೇರೆ.

ಇದು ಕೆಲಸ ಮಾಡುವುದು ಹೇಗೆ?

ಇಂಥ ಗೇಮ್‌ಗಳಲ್ಲಿ ಎರಡು ಭಾಗ. ಒಂದು, ಆಟವನ್ನು ನಡೆಸುವ ಎಂಜಿನ್. ಇನ್ನೊಂದು, ಊರು, ಜನ, ಆಯುಧಗಳ ವಿವರ ಇರುವ ದತ್ತಾಂಶ. ಬಹುಪಾಲು ಮಾಡ್‌ಗಳು ಎಂಜಿನ್ನನ್ನು ಮುಟ್ಟುವುದಿಲ್ಲ. ‘ಪ್ಲಗಿನ್’ ಎಂಬ ಸಣ್ಣ ಕಡತದ ಮೂಲಕ ದತ್ತಾಂಶವನ್ನು ತಿದ್ದುತ್ತವೆ.

ಅಮ್ಮ ಬರೆದ ದಿನಸಿ ಚೀಟಿ ನೆನೆಸಿಕೊಳ್ಳಿ. ‘ಬೆಲ್ಲ 1 ಕೆಜಿ’ ಎಂದಿದೆ. ಅಣ್ಣ ಅದನ್ನು ಹೊಡೆದು ‘2 ಕೆಜಿ’ ಎಂದ. ಆಮೇಲೆ ತಂಗಿ ಬಂದು ‘ಅರ್ಧ ಕೆಜಿ’ ಎಂದಳು. ಅಂಗಡಿಯವರು ಕೊಡುವುದು ಅರ್ಧ ಕೆಜಿ. ಮಾಡ್‌ಗಳಲ್ಲೂ ಹೀಗೆಯೇ, ಕೊನೆಗೆ ಓದಿದ ಪ್ಲಗಿನ್‌ದೇ ಮಾತು. ಇದನ್ನೇ ‘ಲೋಡ್ ಆರ್ಡರ್’ ಎನ್ನುವುದು.

ಇಲ್ಲೊಂದು ಸೂಕ್ಷ್ಮ ಇದೆ. ಒಂದು ಮಾಡ್ ಕತ್ತಿಯ ಬೆಲೆ ಬದಲಿಸಿತು, ಇನ್ನೊಂದು ಅದೇ ಕತ್ತಿಯ ತೂಕ ಬದಲಿಸಿತು ಎನ್ನಿ. ಎರಡೂ ಉಳಿಯುತ್ತವೆ ಎಂದು ನಮಗನಿಸುತ್ತದೆ. ಆದರೆ ಎಂಜಿನ್ ಸಾಮಾನ್ಯವಾಗಿ ಕೊನೆಯ ಪ್ಲಗಿನ್‌ನಲ್ಲಿರುವ ಕತ್ತಿಯ ಇಡೀ ದಾಖಲೆಯನ್ನೇ ತೆಗೆದುಕೊಳ್ಳುತ್ತದೆ. ಮೊದಲನೆಯದರ ಬೆಲೆ ಸದ್ದಿಲ್ಲದೆ ಮಾಯವಾಗುತ್ತದೆ. “ಮಾಡ್ ಹಾಕಿದೆ, ಏನೂ ಬದಲಾಗಲಿಲ್ಲ” ಎಂಬ ದೂರಿಗೆ ಇದೊಂದು ಸಾಮಾನ್ಯ ಕಾರಣ.

ಮಾರೋವಿಂಡ್ ಮತ್ತು ಒಬ್ಲಿವಿಯನ್‌ನಲ್ಲಿ ಈ ಸರದಿ ನಿರ್ಧಾರವಾಗುವುದು ಪ್ಲಗಿನ್ ಕಡತದ ಮೇಲಿನ ದಿನಾಂಕದಿಂದ. ಕೈಯಿಂದ ಸರಿಪಡಿಸುವುದು ತಲೆನೋವಿನ ಕೆಲಸವಾದ್ದರಿಂದ ಅದಕ್ಕೆಂದೇ ಉಚಿತ ಸಾಧನಗಳಿವೆ.

ಶುರು ಮಾಡುವುದು ಹೇಗೆ?

1. ಅಧಿಕೃತ ಅಂಗಡಿಯಿಂದ ಗೇಮ್ ಕೊಳ್ಳಿ. ಹಳೆಯ ಗೇಮ್‌ಗಳು ರಿಯಾಯಿತಿಯಲ್ಲಿ ಅಗ್ಗಕ್ಕೆ ಸಿಗುತ್ತವೆ.

2. ವಿಂಡೋಸ್‌ನ ‘ಪ್ರೋಗ್ರಾಂ ಫೈಲ್ಸ್’ ಫೋಲ್ಡರಿನಲ್ಲಿ ಇನ್‌ಸ್ಟಾಲ್ ಮಾಡಬೇಡಿ. ವಿಸ್ಟಾ ಕಾಲದಿಂದ ವಿಂಡೋಸ್ ಆ ಜಾಗಕ್ಕೆ ಕಾವಲು ಹಾಕಿದೆ. ಹಳೆಯ ಗೇಮ್‌ಗಳು ಅಲ್ಲಿ ಬರೆಯಲು ಹೋದರೆ ಕಡತಗಳು ಬೇರೆಲ್ಲೋ ಹೋಗಿ ಕೂರುತ್ತವೆ. ‘ಗೇಮ್ಸ್’ ಎಂಬ ಪ್ರತ್ಯೇಕ ಫೋಲ್ಡರ್ ಮಾಡಿಕೊಳ್ಳಿ.

3. ಮಾಡ್ ಇಲ್ಲದೆ ಒಮ್ಮೆ ಆಡಿ ನೋಡಿ. ಬರಿಯ ಗೇಮೇ ಓಡದಿದ್ದರೆ ಮಾಡ್‌ನಿಂದ ಓಡುತ್ತದೆ ಎಂದು ನಂಬಬೇಡಿ. ಸರಿಯಾಗಿ ಓಡಿದರೆ ಇಡೀ ಫೋಲ್ಡರಿನ ಒಂದು ಪ್ರತಿ ತೆಗೆದಿಡಿ.

4. ಮೊದಲು ದೋಷ ಸರಿಪಡಿಸುವ ಮಾಡ್, ಆಮೇಲೆ ಅಲಂಕಾರ.

5. ಒಂದು ಸಲಕ್ಕೆ ಒಂದೇ ಮಾಡ್. ಹಾಕಿ, ಹತ್ತು ನಿಮಿಷ ಆಡಿ, ಮುಂದಿನದಕ್ಕೆ ಹೋಗಿ. ಇಪ್ಪತ್ತು ಒಟ್ಟಿಗೆ ಹಾಕಿ ಗೇಮ್ ನಿಂತುಹೋದರೆ ಯಾವುದು ಕಾರಣ ಎಂದು ಹುಡುಕುವುದು ಹುಲ್ಲಿನ ಬಣವೆಯಲ್ಲಿ ಸೂಜಿ ಹುಡುಕಿದ ಹಾಗೆ.

ಮಾರೋವಿಂಡ್‌ನಲ್ಲಿ ಮಾಡ್ ಕಡತಗಳು ‘ಡೇಟಾ ಫೈಲ್ಸ್’ ಫೋಲ್ಡರಿಗೆ ಹೋಗಬೇಕು. ನಂತರ ಗೇಮ್ ಶುರುವಾಗುವ ಮುನ್ನ ಬರುವ ಪರದೆಯಲ್ಲಿ ಆ ಪ್ಲಗಿನ್‌ಗೆ ಟಿಕ್ ಹಾಕಬೇಕು. ಹೊಸಬರ ಮಾಮೂಲಿ ತಪ್ಪು: ಜಿಪ್ ಬಿಚ್ಚಿದಾಗ ‘ಡೇಟಾ ಫೈಲ್ಸ್’ ಒಳಗೆ ಇನ್ನೊಂದು ‘ಡೇಟಾ ಫೈಲ್ಸ್’ ಕೂತಿರುತ್ತದೆ. ಗೇಮ್ ಅದರೊಳಗೆ ಇಣುಕುವುದೇ ಇಲ್ಲ.

ನಾಲ್ಕಾರು ಮಾಡ್ ದಾಟಿದ ಮೇಲೆ ‘ಮಾಡ್ ಆರ್ಗನೈಸರ್ 2’ ಅಥವಾ ‘ವೋರ್ಟೆಕ್ಸ್’ನಂಥ ಮಾಡ್ ಮ್ಯಾನೇಜರ್ ಬಳಸಿ. ಕೈಯಿಂದ ಹಾಕಿದಾಗ ಒಂದೇ ಹೆಸರಿನ ಎರಡು ಚಿತ್ರಗಳಲ್ಲಿ ಹಳೆಯದು ಅಳಿಸಿಯೇ ಹೋಗುತ್ತದೆ. ಮಾಡ್ ಆರ್ಗನೈಸರ್ ಪ್ರತಿ ಮಾಡನ್ನೂ ಬೇರೆ ಬೇರೆ ಫೋಲ್ಡರಿನಲ್ಲಿಟ್ಟು, ಆಡುವಾಗ ಮಾತ್ರ ಒಟ್ಟಿಗಿದ್ದಂತೆ ಗೇಮ್‌ಗೆ ತೋರಿಸುತ್ತದೆ. ಮೂಲ ಗೇಮ್ ಹಾಗೇ ಉಳಿಯುತ್ತದೆ.

ಮೂರು ತಪ್ಪು ನಂಬಿಕೆಗಳು

*“ಹಳೆಯ ಗೇಮ್ ತಾನೇ, ಎಷ್ಟು ಹಾಕಿದರೂ ತಡೆಯುತ್ತದೆ.”* ಇಲ್ಲ. ಒಬ್ಲಿವಿಯನ್‌ನಂಥವು 32 ಬಿಟ್ ಪ್ರೋಗ್ರಾಂಗಳು. ನಿಮ್ಮ ಕಂಪ್ಯೂಟರಿನಲ್ಲಿ 16 ಜಿಬಿ ರ‍್ಯಾಮ್ ಇದ್ದರೂ ಇವು ಸಾಮಾನ್ಯವಾಗಿ 2 ಜಿಬಿ, ತಿದ್ದುಪಡಿ ಮಾಡಿದರೆ 4 ಜಿಬಿವರೆಗೆ ಮಾತ್ರ ಬಳಸಬಲ್ಲವು. ಭಾರಿ ಗಾತ್ರದ ಚಿತ್ರಗಳನ್ನು ತುಂಬಿದರೆ ಗೇಮ್ ಕುಸಿಯುತ್ತದೆ. ಪ್ಲಗಿನ್‌ಗಳ ಸಂಖ್ಯೆಗೂ ಸುಮಾರು 255ರ ಮಿತಿ ಇದೆ.

*“ಬೇಡವಾದರೆ ಯಾವಾಗ ಬೇಕಾದರೂ ತೆಗೆಯಬಹುದು.”* ಚಿತ್ರ ಬದಲಿಸುವ ಮಾಡನ್ನು ತೆಗೆದರೆ ಸಾಮಾನ್ಯವಾಗಿ ತೊಂದರೆಯಿಲ್ಲ. ಹೊಸ ಊರು, ಕತೆ ಸೇರಿಸಿದ ಮಾಡನ್ನು ಆಟದ ನಡುವೆ ತೆಗೆದರೆ, ಸೇವ್ ಮಾಡಿದ ಆಟ ಇಲ್ಲದ ವಸ್ತುವನ್ನು ಹುಡುಕತೊಡಗುತ್ತದೆ. ವಾರಗಟ್ಟಲೆ ಆಡಿದ್ದು ಕೆಡಬಹುದು.

*“ಪೂರ್ತಿ ಮಾರೋವಿಂಡ್ ಎಪಿಕೆ ಫೋನಿಗೆ ಉಚಿತ.”* ಇದರಲ್ಲಿ ಅರ್ಧ ಸತ್ಯವಿದೆ. ‘ಓಪನ್‌ಎಂಡಬ್ಲ್ಯೂ’ ಎಂಬ ಮುಕ್ತ ತಂತ್ರಾಂಶದ ಎಂಜಿನ್ ಇದೆ, ಅದು ಉಚಿತ, ಆಂಡ್ರಾಯ್ಡ್‌ನಲ್ಲೂ ಓಡಿಸಿದವರಿದ್ದಾರೆ. ಆದರೆ ಗೇಮ್‌ನ ದತ್ತಾಂಶ ನೀವು ಕೊಂಡ ಪ್ರತಿಯಿಂದಲೇ ಬರಬೇಕು. ಎರಡೂ ಸೇರಿಸಿ ಹಂಚುತ್ತಿದ್ದರೆ ಅದು ಪೈರಸಿ.

ನಿಜವಾದ ಅಪಾಯ ಎಲ್ಲಿದೆ?

ಚಿತ್ರ, ಧ್ವನಿ, ಪ್ಲಗಿನ್ ಕಡತಗಳು ತಾವಾಗಿ ಓಡುವ ಪ್ರೋಗ್ರಾಂಗಳಲ್ಲ. ಆದರೆ ಇಎಕ್ಸ್‌ಇ, ಡಿಎಲ್‌ಎಲ್ ಕಡತಗಳು ಪ್ರೋಗ್ರಾಂಗಳೇ. ಓಡಿಸಿದರೆ ನಿಮ್ಮ ಕಂಪ್ಯೂಟರಿನಲ್ಲಿ ನೀವು ಮಾಡಬಹುದಾದ ಹೆಚ್ಚಿನದೆಲ್ಲ ಅವೂ ಮಾಡಬಲ್ಲವು.

2023ರ ಜೂನ್‌ನಲ್ಲಿ ಮೈನ್‌ಕ್ರಾಫ್ಟ್ ಗೇಮ್‌ನ ಮಾಡ್‌ಗಳಲ್ಲಿ ‘ಫ್ರ್ಯಾಕ್ಚರೈಸರ್’ ಎಂಬ ಕುತಂತ್ರಾಂಶ ಸಿಕ್ಕಿತು. ಬ್ರೌಸರ್‌ನಲ್ಲಿದ್ದ ಲಾಗಿನ್ ವಿವರಗಳನ್ನು ಕದಿಯುವುದು ಅದರ ಕೆಲಸ. ಅದು ಹರಡಿದ್ದು ‘ಕರ್ಸ್‌ಫೋರ್ಜ್’ ಎಂಬ ಹೆಸರುವಾಸಿ ತಾಣದ ಮೂಲಕವೇ. ಒಳ್ಳೆಯ ತಾಣದಲ್ಲೇ ಹೀಗಾದರೆ, ಯಾರು ಕಳಿಸಿದರೆಂದೇ ಗೊತ್ತಿಲ್ಲದ ಫಾರ್ವರ್ಡ್ ಲಿಂಕಿನ ಗತಿ ಏನು?

ಹಾಗಾಗಿ ‘ನೆಕ್ಸಸ್ ಮಾಡ್ಸ್’ನಂಥ ಹಳೆಯ, ಬಳಕೆದಾರರ ಪ್ರತಿಕ್ರಿಯೆ ಕಾಣುವ ತಾಣಗಳಿಂದಲೇ ಇಳಿಸಿಕೊಳ್ಳಿ. ನಿನ್ನೆ ಬಂದ ಮಾಡ್ ಬದಲು ವರ್ಷಗಳಿಂದ ಜನ ಬಳಸುತ್ತಿರುವುದನ್ನು ಆರಿಸಿ. ಅನುಮಾನವಿದ್ದರೆ ‘ವೈರಸ್‌ಟೋಟಲ್’ನಲ್ಲಿ ಪರೀಕ್ಷಿಸಿ. ಕೆಲವೊಮ್ಮೆ ಒಳ್ಳೆಯ ಕಡತಕ್ಕೂ ಆಂಟಿವೈರಸ್ ಕೂಗುವುದುಂಟು, ಅದು ನಿಜ. ಆದರೆ ಅದು ಹಾಗೆಯೇ ಎಂದು ಹೇಳಬೇಕಾದವರು ಆ ಕಡತವನ್ನು ಬಳಸಿ ಬಲ್ಲವರು, ಫಾರ್ವರ್ಡ್ ಅಲ್ಲ.

ಕೊನೆಯದಾಗಿ

ಮಾಡ್ ಹಾಕುವುದು ಹ್ಯಾಕಿಂಗ್ ಅಲ್ಲ, ಅಪರಾಧವೂ ಅಲ್ಲ. ತಾಳ್ಮೆ ಕಲಿಸುವ ಒಳ್ಳೆಯ ಹವ್ಯಾಸ. ಆದರೆ ‘ಆಂಟಿವೈರಸ್ ಆಫ್ ಮಾಡಿ’ ಎಂಬ ಸಾಲು ಕಂಡರೆ ಅಲ್ಲೇ ನಿಲ್ಲಿ, ಮುಂದಕ್ಕೆ ಕಳಿಸಬೇಡಿ. ನನ್ನ ತಮ್ಮ ಈಗ ಗೇಮ್ ಕೊಂಡು, ಮೂರೇ ಮೂರು ಮಾಡ್ ಹಾಕಿಕೊಂಡು ಆಡುತ್ತಿದ್ದಾನೆ. ಅವನ ಅಪ್ಪನ ಬ್ಯಾಂಕ್ ಲಾಗಿನ್‌ಗೆ ಏನೂ ಆಗಿಲ್ಲ.